ಮೊದಲು ಬೆನ್ನು ನೋಡಿ

ಹಳೆಯ ಬಾಕ್ಸಿಂಗ್ ಫೋಟೊ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಹೋಗುವುದು ಗುದ್ದಿನ ಮೇಲೆ. ಪಳಗಿದ ಸಂಗ್ರಾಹಕ ಅದನ್ನು ಮಗುಚಿ ನೋಡುತ್ತಾನೆ. ಪತ್ರಿಕೆಗಾಗಿ ಮುದ್ರಿಸಿದ ಪ್ರತಿಯ ಜಾತಕ ಇರುವುದು ಹಿಂಬದಿಯಲ್ಲಿ: ಸುದ್ದಿಸಂಸ್ಥೆಯ ಮೊಹರು, ತಾರೀಖು, ಅಂಟಿಸಿದ ವಿವರದ ಚೀಟಿ.

ಆಮೇಲೆ ಮುಂಬದಿಗೆ ಬನ್ನಿ. 1965ರ ಮೇ 25, ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್. ಮೊದಲ ಸುತ್ತಿನಲ್ಲೇ ಸನ್ನಿ ಲಿಸ್ಟನ್ ಅಂಗಾತ ಬಿದ್ದಿದ್ದಾನೆ. ಮುಹಮ್ಮದ್ ಅಲಿ ಬಲಗೈ ಮಡಚಿ, ಎದ್ದೇಳೆಂದು ಅಬ್ಬರಿಸುತ್ತಿದ್ದಾನೆ. ಅಸೋಸಿಯೇಟೆಡ್ ಪ್ರೆಸ್ (ಎಪಿ) ಸುದ್ದಿಸಂಸ್ಥೆಯ ಜಾನ್ ರೂನಿ ತೆಗೆದ ಕಪ್ಪುಬಿಳುಪು ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್‌ಗಾಗಿ ನೀಲ್ ಲೈಫರ್ ತೆಗೆದ ಬಣ್ಣದ ಚಿತ್ರ ಇಂದು ಅದಕ್ಕಿಂತ ಪ್ರಸಿದ್ಧ. ಲೈಫರ್ ಚಿತ್ರದಲ್ಲಿ ಅಲಿಯ ಕಾಲುಗಳ ನಡುವೆ ಇನ್ನೊಬ್ಬ ಛಾಯಾಗ್ರಾಹಕ ಕಾಣುತ್ತಾನೆ, ಹರ್ಬ್ ಶಾರ್ಫ್‌ಮನ್. 1952ರಲ್ಲಿ ರಾಕಿ ಮಾರ್ಸಿಯಾನೊನ ಗುದ್ದಿಗೆ ವಾಲ್ಕಾಟ್‌ನ ಮುಖ ಸೊಟ್ಟಗಾದ ಕ್ಷಣವನ್ನು ಸೆರೆಹಿಡಿದವನು ಅವನೇ. ಲೂಯಿಸ್ಟನ್‌ನಲ್ಲಿ ಮಾತ್ರ ಅವನ ಪಾಲಿಗೆ ಬಂದದ್ದು ಅಲಿಯ ಬೆನ್ನು. ರಿಂಗ್ ಪಕ್ಕದಲ್ಲಿ ಕೂತ ಜಾಗವೇ ಅರ್ಧ ಅದೃಷ್ಟ.

ಒಂದೇ ಚಿತ್ರದ ಪ್ರತಿಗಳೆಲ್ಲ ಒಂದೇ ಬೆಲೆಯವಲ್ಲ. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷದೊಳಗೆ ಮುದ್ರಿಸಿದ್ದು ‘ಟೈಪ್ 1’. ಅದೇ ನೆಗೆಟಿವ್‌ನಿಂದ ತಡವಾಗಿ ಮುದ್ರಿಸಿದ್ದು ‘ಟೈಪ್ 2’. ನಕಲು ನೆಗೆಟಿವ್‌ನಿಂದಲೋ ತಂತಿಯಲ್ಲಿ ಬಂದ ಚಿತ್ರದಿಂದಲೋ ಆ ಕಾಲದಲ್ಲೇ ಮಾಡಿದ್ದು ‘ಟೈಪ್ 3’, ಕಾಲ ಕಳೆದ ಮೇಲೆ ಮಾಡಿದ್ದು ‘ಟೈಪ್ 4’. ಹೀಗೆ ತಂತಿಯಲ್ಲಿ ಚಿತ್ರ ಕಳಿಸುವ ಎಪಿಯ ವೈರ್‌ಫೋಟೊ ಸೇವೆ ಶುರುವಾದದ್ದು 1935ರ ಜನವರಿ 1ರಂದು. ತಂತಿಯಲ್ಲಿ ಬಂದ ಪ್ರತಿಯ ಮೇಲೆ ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಒಳ್ಳೆಯ ಟೈಪ್ 1ರಲ್ಲಿ ಬೆವರಹನಿಯೂ ಬಿಡಿಬಿಡಿಯಾಗಿ ಕಾಣುತ್ತದೆ.

ಮೇಣದ ಪೆನ್ಸಿಲ್ಲಿನ ಗೆರೆ, ಹಿನ್ನೆಲೆಗೆ ಬಳಿದ ಬಣ್ಣ ಕಂಡು ಮೂಗು ಮುರಿಯಬೇಡಿ, ಒರೆಸಲಂತೂ ಹೋಗಲೇಬೇಡಿ. ಯಾವ ಭಾಗ ಪುಟಕ್ಕೆ ಹೋಗಬೇಕೆಂದು ಸುದ್ದಿಮನೆ ಮಾಡಿದ ತೀರ್ಮಾನವದು. ಅನುಮಾನ ಬೇರೆ ಕಡೆ ಇರಲಿ. 1938ರ ಜೋ ಲೂಯಿಸ್–ಷ್ಮೆಲಿಂಗ್ ಪಂದ್ಯದ ಅಂದಿನದೇ ಪ್ರತಿ ಎಂದು ಮಾರುವ ಫೋಟೊ ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆದರೆ ಕೊಳ್ಳಬೇಡಿ. ಹಾಗೆ ಹೊಳೆಯುವ ರಾಸಾಯನಿಕವನ್ನು ಫೋಟೊ ಕಾಗದಕ್ಕೆ ಬೆರೆಸತೊಡಗಿದ್ದು 1950ರ ದಶಕದಲ್ಲಿ.

ಕೊಂಡದ್ದನ್ನು ಪಿವಿಸಿ ಕವರಿನಲ್ಲಿ ಇಡದೆ ಪಾಲಿಯೆಸ್ಟರ್ ಕವರಿನಲ್ಲಿಡಿ. ಬಿಸಿಲು, ತೇವ ತಾಗದಿರಲಿ. ಮತ್ತೆ, ನಿಮ್ಮದಾದದ್ದು ಆ ಪ್ರತಿ ಮಾತ್ರ, ಕೃತಿಸ್ವಾಮ್ಯವಲ್ಲ. ಪುಸ್ತಕದಲ್ಲಿ ಅಚ್ಚು ಹಾಕಿಸುವ ಮುನ್ನ ಹಕ್ಕುದಾರರ ಒಪ್ಪಿಗೆ ಕೇಳಿ.