ಹಾಡು ಉಳಿಯಿತು, ಕವಿಯ ಹೆಸರು?

ತರೀಕೆರೆಯ ಏರಿಯ ಮೇಲೆ ಮೇಯುವ ಕುರಿಮರಿಗಳ ಮಾತನ್ನು ನಾಲಗೆ ತೊಡರದಂತೆ ಹೇಳಲು ಹೆಣಗದ ಕನ್ನಡದ ಮಕ್ಕಳು ವಿರಳ. ಅದನ್ನು ಕಟ್ಟಿದವರಾರೆಂದು ಯಾರೂ ಕೇಳುವುದಿಲ್ಲ. ಜನರ ಬಾಯಲ್ಲಿ ಬೆಳೆದ ಮಾತಿಗೆ ಅದು ಸಹಜ. ಆದರೆ ಹೆಸರುಳ್ಳ ಕವಿಯ ಕೃತಿಗೂ ಇದೇ ಗತಿ ಬಂದರೆ?

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ಪದ್ಯವೊಂದನ್ನು ಓದುತ್ತಿದ್ದೆ. ಅಜ್ಜಂಪುರದ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ, “ಇದು ಅಶ್ವತ್ಥರ ಹಾಡಲ್ಲವೇ, ಸಾರ್?” ಎಂದ. ಅಂತರಜಾಲದಿಂದ ಇಳಿಸಿಕೊಂಡಿದ್ದ ಆ ಹಾಡು ಅವನ ಫೋನಿನಲ್ಲಿತ್ತು. ಅದರೊಡನೆ ಹಾಡಿನ ಮೊದಲೆರಡು ಶಬ್ದಗಳೂ ಗಾಯಕರ ಹೆಸರೂ ಇದ್ದವು. ಕವಿಯ ಹೆಸರಿರಲಿಲ್ಲ.

ಭಾವಗೀತೆಗಳ ಧ್ವನಿಸುರುಳಿಯ ಪರಂಪರೆ 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ದಿಂದ ಮೊದಲಾಯಿತು. ಅದಕ್ಕೆ ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಮುಂದೆ ಸಿ. ಅಶ್ವತ್ಥರು 1942ರ ‘ಮೈಸೂರ ಮಲ್ಲಿಗೆ’ಯ ಕವಿತೆಗಳನ್ನೂ ಶಿಶುನಾಳ ಷರೀಫರ ತತ್ತ್ವಪದಗಳನ್ನೂ ಮನೆಮನೆಗೆ ಮುಟ್ಟಿಸಿದರು. ನಮ್ಮ ಹರೆಯದಲ್ಲಿ ಇಂತಹ ಕ್ಯಾಸೆಟ್ಟಿಗಾಗಿ ಕಡೂರಿನ ಪೇಟೆಗೆ ಹೋಗಬೇಕಿತ್ತು. ಮನೆಗೆ ತಂದು ಮೊದಲು ಬಿಚ್ಚುತ್ತಿದ್ದುದು ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು: ಸಾಹಿತ್ಯ ಇವರದು, ಸಂಗೀತ ಇವರದು, ಗಾಯನ ಇವರದು. ಒಂದು ಬದಿಗೆ ಸುಮಾರು ಅರ್ಧ ಗಂಟೆ. ಬೇಕಾದ ಹಾಡಿಗೆ ಹಾರುವುದು ಸುಲಭವಿರಲಿಲ್ಲ. ಬೇಡವೆನಿಸಿದ್ದನ್ನೂ ಕೇಳಬೇಕಾಗುತ್ತಿತ್ತು, ಎಷ್ಟೋ ವೇಳೆ ಕಡೆಗೆ ಮನಸ್ಸಿನಲ್ಲಿ ನಿಂತದ್ದು ಅದೇ.

ಹಾಗೆಂದು ಅಂಗಡಿಯನ್ನು ಗುಡಿಯೆಂದು ಕೊಂಡಾಡಬೇಕಾಗಿಲ್ಲ. ಕೇಳಿದ ಕ್ಯಾಸೆಟ್ಟು ಎಷ್ಟೋ ಸಲ ಸಿಗುತ್ತಿರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನಷ್ಟೇ ತುಂಬಿಸಿಕೊಂಡು, ಹೆಸರುಗಳನ್ನು ಅಲ್ಲಿಯೇ ಬಿಟ್ಟು ಬಂದವರಲ್ಲಿ ನಾನೂ ಒಬ್ಬ. ಕೈಯಲ್ಲಿ ಕಾಸಿಲ್ಲದ ಹಳ್ಳಿಯ ಹುಡುಗನಿಗೆ ಬಾಗಿಲು ತೆರೆದದ್ದು ಅಂತರಜಾಲವೇ. ಈಗಂತೂ ಇಳಿಸಿಕೊಳ್ಳುವ ಗೋಜೂ ಇಲ್ಲದೆ ನೇರವಾಗಿ ಕೇಳುವವರೇ ಹೆಚ್ಚು.

ನನ್ನ ತಕರಾರು ಯಂತ್ರದ ಮೇಲಲ್ಲ. ಹಾಡು ಕವಿತೆಯ ಒಂದು ವ್ಯಾಖ್ಯಾನ ಮಾತ್ರ. ಗಾಯಕರು ಒಮ್ಮೊಮ್ಮೆ ಕೆಲವು ನುಡಿಗಳನ್ನು ಬಿಡುತ್ತಾರೆ. ಪಲ್ಲವಿಯನ್ನು ಮರಳಿ ಮರಳಿ ಹಾಡಿ, ಕವಿ ಮೆಲ್ಲನೆ ಹೇಳಿದ್ದನ್ನು ಒತ್ತಿ ಹೇಳುತ್ತಾರೆ. ಅದು ಅವರ ಕಲೆಯ ಹಕ್ಕು. ಆದರೆ ಕೇಳುಗನಿಗೂ ಮೂಲಕ್ಕೆ ಹಿಂದಿರುಗುವ ಹಕ್ಕಿದೆ. ಆ ಹಾದಿಯ ಕೈಕಂಬವೇ ಕವಿಯ ಹೆಸರು. ಅದನ್ನು ಕಿತ್ತರೆ ಹಾಡು ಉಳಿದೀತು, ಪುಸ್ತಕ ಕಪಾಟಿನಲ್ಲೇ ಉಳಿದೀತು.

ಆ ವಿದ್ಯಾರ್ಥಿಯ ಕೈಗೆ ಗ್ರಂಥಾಲಯದ ಪ್ರತಿಯನ್ನಿತ್ತೆ. ಮರುವಾರ ಬಂದು, “ಹಾಡಿನಲ್ಲಿ ಇಲ್ಲದ ಸಾಲುಗಳೂ ಇವೆ, ಸಾರ್” ಎಂದ, ಏನೋ ಮೋಸ ಬಯಲಾದವನಂತೆ. ಪುಸ್ತಕವನ್ನು ಮಾತ್ರ ಹಿಂದಿರುಗಿಸಲಿಲ್ಲ. ಇನ್ನೊಂದು ವಾರ ಬೇಕೆಂದ.