ಕಂಪ್ಯೂಟರಿನೊಳಗಿನ ಚಾವಡಿ: ನೋಡುವವರಿಗೊಂದು ಕೈಪಿಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಹಳೆಯ ಗುತ್ತಿನ ಮನೆಯೊಂದನ್ನು ಬಿಚ್ಚುತ್ತಾರಂತೆ ಎಂದು ಸುದ್ದಿಯಾದರೆ ಮೊದಲು ಬಂದು ನಿಲ್ಲುವವರು ಮರದ ವ್ಯಾಪಾರಿಗಳು. ಕಂಬ, ಬೋದಿಗೆ, ದಾರಂದ, ಮುಚ್ಚಿಗೆಯ ಹಲಗೆ ಎಲ್ಲವೂ ಲಾರಿ ಹತ್ತುತ್ತವೆ. ಮನೆಯವರ ಕೈಯಲ್ಲಿ ಉಳಿಯುವುದು ಮದುವೆಗೋ ತಂಬಿಲಕ್ಕೋ ತೆಗೆಸಿದ ನಾಲ್ಕಾರು ಫೋಟೊ. ಅಂಥ ಫೋಟೊ ಮುಂದಿಟ್ಟುಕೊಂಡು ಆ ಮನೆಯ ಚಾವಡಿಯನ್ನು ಕಂಪ್ಯೂಟರಿನಲ್ಲಿ ಕಂಬಕಂಬವಾಗಿ ಮತ್ತೆ ಕಟ್ಟುವ ಕಲೆಯೊಂದಿದೆ. ಮೂರು ಆಯಾಮದ ಚಿತ್ರ ಕಟ್ಟುವ ಬ್ಲೆಂಡರ್ ಎಂಬ ತಂತ್ರಾಂಶ 2002ರಲ್ಲಿ ಮುಕ್ತವಾದ ಮೇಲೆ ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ, ತಾಳ್ಮೆ ಸುರಿದರೆ ಸಾಕು. ಮಾಡುವುದನ್ನು ಕಲಿಸುವ ಪಾಠಗಳು ಬೇಕಾದಷ್ಟಿವೆ. ನೋಡುವುದು ಹೇಗೆಂದು ಹೇಳುವವರು ಕಡಿಮೆ.

'ಅಬ್ಬಾ, ಫೋಟೊದ ಹಾಗೇ ಉಂಟು' ಎಂದು ಮೆಚ್ಚಿ ಮುಂದೆ ಹೋಗುವುದು ರಸಿಕತೆಯಲ್ಲ. ಫೋಟೊದ ಹಾಗೆ ಕಾಣಿಸುವುದು ಈಗ ದೊಡ್ಡ ಸಾಹಸವಾಗಿ ಉಳಿದಿಲ್ಲ. ಐಕಿಯಾ ಕಂಪನಿ ತನ್ನ ಕ್ಯಾಟಲಾಗಿನಲ್ಲಿ ಬರ್ಟಿಲ್ ಎಂಬ ಕುರ್ಚಿಯ ಗಣಕಚಿತ್ರವನ್ನು ಮೊದಲ ಬಾರಿ ಸೇರಿಸಿದ್ದು 2006ರಲ್ಲಿ. ಇಂದು ಅಂಗಡಿಯ ಸೋಫಾ, ಕಟ್ಟದ ಫ್ಲ್ಯಾಟಿನ ಹಜಾರ ಎಲ್ಲವೂ ಹಾಗೆಯೇ ತಯಾರಾಗುತ್ತವೆ. ಆದರೆ ಅವೆಲ್ಲ ಹೊಸ ವಸ್ತುಗಳು. ನೂರು ಮಳೆಗಾಲ ಕಂಡ ಹಲಸಿನ ಕಂಬವನ್ನು ನಂಬಿಸುವುದು ಬೇರೆಯೇ ಮಾತು.

ಮೊದಲು ಬೆಳಕನ್ನು ನೋಡಿ, ಮರವನ್ನು ಆಮೇಲೆ ನೋಡಿದರಾಯಿತು. ನಮ್ಮ ಕಡೆಯ ಮನೆಗಳಿಗೆ ಮಾಡಿನ ಅಂಚು ತಗ್ಗು, ಮಳೆಯ ಇರಚಲು ಒಳಗೆ ಬರಬಾರದಲ್ಲ. ಹಾಗಾಗಿ ಚಾವಡಿಗೆ ಆಕಾಶ ನೇರವಾಗಿ ಕಾಣುವುದೇ ಅಪರೂಪ. ಬೆಳಕು ಬರುವುದು ಅಂಗಳಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ, ಕಾವಿಯ ನೆಲಕ್ಕೆ ತಾಗಿ, ಕೆಳಗಿನಿಂದ ಮೇಲಕ್ಕೆ. ಮುಚ್ಚಿಗೆಯ ಹಲಗೆಗೆ ಹೊಸ್ತಿಲ ಬದಿಯಲ್ಲಿ ತೆಳುಗೆಂಪು ಹತ್ತುತ್ತದೆ. ಒಳಗೆ ಹೋದಂತೆ ಅದು ಕಂದಾಗಿ, ಮೂಲೆಯ ಕತ್ತಲಲ್ಲಿ ಸೇರಿಹೋಗುತ್ತದೆ. ಒಂದು ಮೇಲ್ಮೈಯ ಬಣ್ಣ ಪಕ್ಕದ ಮೇಲ್ಮೈಗೆ ಹತ್ತುವುದನ್ನು ಲೆಕ್ಕದಿಂದ ಸಾಧಿಸಿ ತೋರಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು, 1984ರಲ್ಲಿ. ಅವರು ಆರಿಸಿಕೊಂಡದ್ದು ಬಣ್ಣದ ಗೋಡೆಗಳ ಒಂದು ಸಾದಾ ಪೆಟ್ಟಿಗೆ. ಎರಡು ವರ್ಷದ ನಂತರ ಸಂಶೋಧಕ ಜೇಮ್ಸ್ ಕಜಿಯಾ ಬೆಳಕಿನ ಓಡಾಟವನ್ನೆಲ್ಲ ಒಂದೇ ಸಮೀಕರಣಕ್ಕೆ ತಂದರು. ಇವತ್ತಿನ ತಂತ್ರಾಂಶಗಳು ಅದನ್ನೇ ಬಿಡಿಸುತ್ತಿವೆ: ಒಂದೊಂದು ಕಿರಣವನ್ನೂ ಹಿಂಬಾಲಿಸಿ, ಅದು ಎಲ್ಲಿ ತಾಗಿತು, ಎಷ್ಟು ಉಳಿಯಿತು, ಯಾವ ಬಣ್ಣ ಹೊತ್ತು ತಂದಿತು ಎಂದು ಲೆಕ್ಕ ಹಾಕುವುದು.

ಇಲ್ಲೊಂದು ಸೂಕ್ಷ್ಮವಿದೆ. ಬ್ಲೆಂಡರಿನಲ್ಲಿ ಈ ಲೆಕ್ಕ ಹಾಕುವ ಸೈಕಲ್ಸ್ ಎಂಬ ಅಂಗದಲ್ಲಿ, ನಾವು ಬದಲಿಸದಿದ್ದರೆ, ಒರಟು ಮೇಲ್ಮೈಗಳಿಂದ ನಾಲ್ಕು ಬಾರಿ ಚದುರಿದ ಬೆಳಕನ್ನು ಅಲ್ಲಿಗೇ ಕೈಬಿಡಲಾಗುತ್ತದೆ. ದೊಡ್ಡ ಕಿಟಕಿಯ ಬಿಳಿ ಗೋಡೆಯ ಕೋಣೆಗೆ ಅಷ್ಟು ಸಾಕು. ಚಾವಡಿಯ ಒಳಮೂಲೆಗೆ ಸಾಲದು, ಅಲ್ಲಿ ಮಸಿ ಬಳಿದಂತಾಗುತ್ತದೆ. ಇದಕ್ಕೆ ಅವಸರದ ಮದ್ದು, ಮುಚ್ಚಿಗೆಯ ಕೆಳಗೆ ಕಾಣದ ದೀಪವೊಂದನ್ನು ತೂಗುಹಾಕುವುದು. ಕಣ್ಣು ಪಳಗಿದವರು ಇದನ್ನು ಕೂಡಲೇ ಹಿಡಿಯುತ್ತಾರೆ. ನೆರಳುಗಳು ಅಂಗಳದಿಂದ ಒಳಕ್ಕೆ ಚಾಚುವ ಬದಲು ಕಂಬದ ಬುಡದಲ್ಲೇ ಮುದುಡಿ ಕುಳಿತಿರುತ್ತವೆ. ನನ್ನ ಮಟ್ಟಿಗೆ, ಕತ್ತಲನ್ನು ಕತ್ತಲಾಗಿ ಬಿಡುವ ಧೈರ್ಯವಿದ್ದ ಚಿತ್ರವೇ ಅರ್ಧ ಗೆದ್ದಂತೆ. ಮೊಬೈಲ್ ಕ್ಯಾಮೆರಾಗಳೂ ಈಗ ನೆರಳನ್ನೆಲ್ಲ ಎತ್ತಿ ಬೆಳಗಿಸಿಬಿಡುತ್ತವೆ. ಅಂಥ ಫೋಟೊ ನೋಡಿ ಮಾಡಿದ ಚಿತ್ರ ಚಾವಡಿಯನ್ನಲ್ಲ, ಮೊಬೈಲನ್ನು ನಕಲು ಮಾಡಿರುತ್ತದೆ.

ಕ್ಯಾಮೆರಾದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಫೋಟೊ ತೆಗೆದವರು ಎಲ್ಲಿ ನಿಂತಿದ್ದರು, ಮಸೂರ ಎಷ್ಟು ಅಗಲದ್ದು ಎಂದು ಕಂಡುಹಿಡಿಯಲು ಎಫ್‌ಸ್ಪೈ ಎಂಬ ಉಚಿತ ಸಾಧನವಿದೆ. ಫೋಟೊದಲ್ಲಿ ತೊಲೆ, ಜಂತಿಗಳ ಅಂಚಿನ ಮೇಲೆ ಗೆರೆ ಎಳೆದರೆ ಅವು ದೂರದಲ್ಲಿ ಎಲ್ಲಿ ಕೂಡುತ್ತವೆ ಎಂಬುದರಿಂದ ಅದು ಲೆಕ್ಕ ಹಾಕುತ್ತದೆ. ಅದರ ನಂಬಿಕೆಯೆಂದರೆ ಮನೆಯ ಮೂಲೆಗಳೆಲ್ಲ ಮೂಲೆಮಟ್ಟಕ್ಕೆ ಸರಿಯಾಗಿವೆ ಎಂಬುದು. ಬಾಚಿಯಲ್ಲಿ ಕೆತ್ತಿದ, ನಡು ತುಸು ಬಾಗಿದ ತೊಲೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಒಳ್ಳೆಯ ಕಲಾವಿದ ಆ ಬಾಗನ್ನು ಉಳಿಸಿಕೊಳ್ಳುತ್ತಾನೆ. ಉಳಿದವರ ಚಾವಡಿಯಲ್ಲಿ ತೊಲೆಗಳೆಲ್ಲ ಕಾರ್ಖಾನೆಯಿಂದ ಬಂದಂತೆ ನೆಟ್ಟಗೆ.

ಇನ್ನು ಮರ. ಹೆಚ್ಚಿನವರು ಮರದ ಗೆರೆಗಳನ್ನು ನೋಡಿ ಮೋಸಹೋಗುತ್ತಾರೆ. ಗೆರೆಗಳ ಚಿತ್ರ ಎಲ್ಲಿಂದಲೂ ಸಿಗುತ್ತದೆ. ಅದನ್ನು ಕಂಬಕ್ಕೆ ಸುತ್ತಿದರೆ ಆಯಿತೆ? ಹಲಗೆಯ ಅಗಲದ ಮುಖದಲ್ಲಿ ಓಡುವ ಗೆರೆ ಅಂಚು ದಾಟಿ ಪಕ್ಕದ ಮುಖಕ್ಕೂ ಹೊಂದಬೇಕು. ಅಡ್ಡಕೊಯ್ದ ತುದಿಯಲ್ಲಿ ಗೆರೆಯಲ್ಲ, ಉಂಗುರಗಳ ತುಣುಕು ಕಾಣಬೇಕು. ಆ ತುದಿ ಎಣ್ಣೆಯನ್ನು ಹೆಚ್ಚು ಕುಡಿಯುವುದರಿಂದ ಉಳಿದ ಕಡೆಗಿಂತ ಕಪ್ಪಾಗಿರಬೇಕು. ಮುಚ್ಚಿಗೆಯ ಹಲಗೆಗಳನ್ನು ಒಂದೊಂದಾಗಿ ನೋಡಿ. ಒಂದೇ ಗಂಟು ಎರಡು ಕಡೆ ಕಂಡರೆ ಅಲ್ಲಿಗೆ ಗುಟ್ಟು ರಟ್ಟು.

ಗೆರೆಗಿಂತ ಕಷ್ಟದ್ದು ಹೊಳಪು. ಗಣಕಚಿತ್ರಗಳ ಸಂಶೋಧಕ ಸ್ಟೀವ್ ಮಾರ್ಷ್ನರ್ ಮತ್ತು ಸಂಗಡಿಗರು 2005ರಲ್ಲಿ ನುಣುಪು ಮಾಡಿದ ಮರಗಳ ಹೊಳಪನ್ನು ಅಳೆದು ನೋಡಿದರು. ಅಲ್ಲಿ ಇರುವುದು ಎರಡು ಹೊಳಪು. ಒಂದು ವಾರ್ನಿಷ್ಷಿನ ಮೇಲ್ಮೈಯದು, ಗಾಜಿನದರ ಹಾಗೆ. ಇನ್ನೊಂದು ಒಳಗಿರುವ ನಾರಿನದು. ನಾರು ಯಾವ ಕಡೆ ತಿರುಗಿದೆಯೋ ಹೊಳಪೂ ಆ ಕಡೆ ತಿರುಗುತ್ತದೆ. ಕಂಬದ ಗಂಟಿನ ಸುತ್ತ ನಾರು ಬಳಸಿಕೊಂಡು ಹೋಗುವಲ್ಲಿ ಬೆಳಕು ಒಮ್ಮೆ ಉಬ್ಬಿ ಒಮ್ಮೆ ಮಂಕಾಗುವುದು ಇದರಿಂದಲೇ. ಬರೀ ಮೇಲ್ಮೈಯ ಹೊಳಪು ಕೊಟ್ಟು ಕೈತೊಳೆದುಕೊಂಡ ಚಿತ್ರಗಳಲ್ಲಿ ಬೀಟೆಯ ಮಂಚವೂ ಸನ್ಮೈಕಾ ಅಂಟಿಸಿದ ಮೇಜಿನ ಹಾಗೆ ಕಾಣುತ್ತದೆ.

ಬಣ್ಣದಲ್ಲೂ ಸ್ಥಳೀಯರ ಕಣ್ಣೇ ಮೇಲು. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಗಂದು, ಮತ್ತೆ ಕಡುಗಂದು. ಹಲಗೆಗೋಡೆಯಲ್ಲಿ ದಶಕಗಟ್ಟಲೆ ನೇತಾಡಿದ ಅಜ್ಜನ ಫೋಟೊ ತೆಗೆದರೆ ಹಿಂದೆ ಬಣ್ಣ ತೆಳುವಾದ ಒಂದು ಚೌಕ ಉಳಿದಿರುತ್ತದೆ. ಅಡುಗೆಮನೆ ಕಡೆಯ ಪಕಾಸುಗಳ ಕಪ್ಪು ವಯಸ್ಸಿನದಲ್ಲ, ಹೊಗೆಯದು. ಆ ಕಪ್ಪಿಗೆ ಹೊಳಪು ಬೇರೆ. ಎಲ್ಲ ಮರಕ್ಕೂ ಒಂದೇ ಚಾಕಲೇಟು ಬಣ್ಣ ಬಳಿದವನಿಗೆ ಮನೆಯ ಬಗ್ಗೆ ಗೊತ್ತಿರುವುದು ಅಷ್ಟಕ್ಕಷ್ಟೆ.

ಕೊನೆಯದಾಗಿ ಸವೆತವನ್ನು ನೋಡಿ. ಈಚೆಗೆ 'ಹಳೆಯದಾಗಿಸು' ಎಂಬ ಗುಂಡಿ ಒತ್ತಿದರೆ ಕೊಳೆ, ಗೀರು, ಧೂಳು ಎಲ್ಲೆಡೆ ಸಮನಾಗಿ ಹರಡುವ ಸೌಲಭ್ಯಗಳಿವೆ. ನಿಜವಾದ ಮನೆಯಲ್ಲಿ ಒಂದೊಂದು ಗೀರಿಗೂ ಒಬ್ಬೊಬ್ಬ ಕಾರಣಕರ್ತ ಇರುತ್ತಾನೆ. ಕಂಬಕ್ಕೆ ಒರಗಿ ಕುಳಿತು ಎಲೆಯಡಿಕೆ ಹಾಕುವವರ ತಲೆ ತಾಗುವಲ್ಲಿ ಎಣ್ಣೆಯ ಕಲೆ. ಉಯ್ಯಾಲೆಯ ಸರಪಣಿ ತಿಕ್ಕುವಲ್ಲಿ ತೊಲೆಯಲ್ಲಿ ತಗ್ಗು. ಹೊಸ್ತಿಲು ಸವೆದಿರುವುದು ನಡುವಿನಲ್ಲಿ, ಬದಿಗಳಲ್ಲಿ ಅಲ್ಲ. ಕ್ಯಾಲೆಂಡರಿನ ಹಳೆಯ ಮೊಳೆಗಳು, ದುಂಬಿ ಕೊರೆದ ಗುಂಡನೆಯ ತೂತು, ಮರದ ಪಟ್ಟಿಯ ಮೇಲೆ ಎಳೆದ ವಯರು, ಕಪ್ಪು ಗುಂಡು ಸ್ವಿಚ್ಚು. ವಾಸ್ತುಶಿಲ್ಪಿಗಳ ಚಿತ್ರದಲ್ಲಿ ಈ ವಯರು ಎಂದೂ ಇರುವುದಿಲ್ಲ. ನಾನಂತೂ ಮೊದಲು ಹುಡುಕುವುದು ಅದನ್ನೇ.

ಕಣ್ಣು ಪಳಗಿಸಲು ಎರಡು ಜಾಗಗಳಿಗೆ ಹೋಗಿಬನ್ನಿ. ಮಂಗಳೂರಿನ ಪಿಲಿಕುಳದಲ್ಲಿ ಹೊಸದಾಗಿ ಕಟ್ಟಿದ ಗುತ್ತಿನ ಮನೆಯಿದೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಹೊಸ ಮರಕ್ಕೂ ಹಳೆಯ ಮರಕ್ಕೂ ಬೆಳಕು ಕೊಡುವ ಮರ್ಯಾದೆ ಎಷ್ಟು ಬೇರೆ ಎಂಬುದು ಎರಡನ್ನೂ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ನಿಮ್ಮ ತರವಾಡು ಮನೆ ಇನ್ನೂ ನಿಂತಿದ್ದರೆ ಒಂದು ಕೆಲಸ ಮಾಡಿ. ಫ್ಲ್ಯಾಶ್ ಆರಿಸಿ, ಕ್ಯಾಮೆರಾ ಎದೆಮಟ್ಟದಲ್ಲಿ ಹಿಡಿದು, ಕಂಬಕ್ಕೊಂದು ಅಳತೆಪಟ್ಟಿ ಒರಗಿಸಿ ಚಾವಡಿಯ ಫೋಟೊ ತೆಗೆದಿಡಿ. ಒಂದೇ ಜಾಗದಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಆಟಿಯ ಮಳೆಯಲ್ಲೂ ಒಮ್ಮೆ. ಯಾವ ಕಂಬ ಯಾವ ಮರದ್ದೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಲಾರಿ ಅಂಗಳಕ್ಕೆ ಬಂದ ಮೇಲೆ ಇದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.