ತಂತ್ರಾಂಶಸಂಯೋಜನೆಯಲ್ಲಿ ಸಾಮರ್ಥ್ಯವಿಚಾರ

ವ್ಯವಹಾರಕಾರ್ಯಗಳಿಗಾಗಿ ರಚಿತವಾದ ತಂತ್ರಾಂಶಗಳು ಬಹುಮಟ್ಟಿಗೆ ಒಂದನ್ನೊಂದು ಅರಿಯದೆ ಹುಟ್ಟಿದವು. ಲೆಕ್ಕಪತ್ರಕ್ಕೆ ಒಂದು, ಉಗ್ರಾಣಕ್ಕೆ ಒಂದು, ಸಂಬಳದ ಪಟ್ಟಿಗೆ ಮತ್ತೊಂದು ಎಂಬಂತೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳಿಂದ ಸಿದ್ಧವಾದ ಇವುಗಳನ್ನು ಪರಸ್ಪರ ಹೊಂದಿಸುವ ಬಗೆಯನ್ನು ಕುರಿತು ಗ್ರೆಗರ್ ಹೋಪೆ, ಬಾಬಿ ವುಲ್ಫ್ ಎಂಬಿಬ್ಬರು 2003ರಲ್ಲಿ ಪ್ರಕಟಿಸಿದ ‘ಎಂಟರ್‌ಪ್ರೈಸ್ ಇಂಟಿಗ್ರೇಷನ್ ಪ್ಯಾಟರ್ನ್ಸ್’ ಎಂಬ ಗ್ರಂಥವು ಈ ಶಾಸ್ತ್ರದಲ್ಲಿ ಇಂದಿಗೂ ಪ್ರಮಾಣವೆನಿಸಿದೆ. ಸಂಯೋಜನೆಯ ಮಾರ್ಗಗಳು ನಾಲ್ಕೆಂದು ಅದರಲ್ಲಿ ಹೇಳಿದೆ. ಒಂದು ತಂತ್ರಾಂಶವು ಬರೆದಿಟ್ಟ ಕಡತವನ್ನು ಇನ್ನೊಂದು ಓದಿಕೊಳ್ಳುವುದು ಮೊದಲನೆಯದು. ಎಲ್ಲವೂ ಒಂದೇ ದತ್ತಾಂಶಭಂಡಾರವನ್ನು ಆಶ್ರಯಿಸುವುದು ಎರಡನೆಯದು. ಒಂದು ಮತ್ತೊಂದನ್ನು ನೇರವಾಗಿ ಕರೆದು ಕೆಲಸ ಮಾಡಿಸಿಕೊಳ್ಳುವುದು ಮೂರನೆಯದು. ಸಂದೇಶವನ್ನು ಕಳುಹಿಸಿ, ಉತ್ತರಕ್ಕೆ ಕಾಯದೆ ತನ್ನ ಕಾರ್ಯವನ್ನು ಮುಂದುವರಿಸುವುದು ನಾಲ್ಕನೆಯದು. ಗ್ರಂಥಕರ್ತರ ಒಲವು ನಾಲ್ಕನೆಯದರ ಕಡೆಗಿದೆ. ಅವರು ನಿರೂಪಿಸಿರುವ 65 ವಿನ್ಯಾಸಗಳಲ್ಲಿ ಬಹುಪಾಲು ಸಂದೇಶಮಾರ್ಗವನ್ನೇ ಕುರಿತವು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಹತ್ತು ತಂತ್ರಾಂಶಗಳನ್ನು ಎರಡೆರಡಾಗಿ ಬಿಗಿಯುತ್ತ ಹೋದರೆ 45 ಕೊಂಡಿಗಳಾಗುತ್ತವೆ; ನಡುವೆ ಒಬ್ಬ ಮಧ್ಯಸ್ಥನನ್ನಿಟ್ಟರೆ ಹತ್ತೇ ಸಾಕು. ಇಂಥ ಲೆಕ್ಕಾಚಾರವನ್ನೂ, ತಲಪದ ಸಂದೇಶದ ಗತಿಯೇನು, ಬಂದ ಉತ್ತರವು ಯಾವ ಪ್ರಶ್ನೆಗೆ ಸೇರಿದ್ದು ಎಂಬಿವೇ ಮೊದಲಾದ ತೊಡಕುಗಳನ್ನೂ ಅವರಂತೆ ಕ್ರಮಬದ್ಧವಾಗಿ ವಿವೇಚಿಸಿದವರು ವಿರಳ. ಆದರೆ ನಾಲ್ಕು ಮಾರ್ಗಗಳ ಈ ವಿಭಾಗವು ದತ್ತಾಂಶವು ಸಾಗುವ ದಾರಿಯನ್ನು ಹಿಡಿದು ಮಾಡಿದ್ದೇ ಹೊರತು ಅದರ ಅರ್ಥವನ್ನು ಹಿಡಿದು ಮಾಡಿದ್ದಲ್ಲ. ಇದೇ ಇಲ್ಲಿ ಪರಾಮರ್ಶಿಸತಕ್ಕ ವಿಷಯ.

ಪದಗಳ ಸಂಯೋಜನೆಯನ್ನು ಕುರಿತು ಬಹುಕಾಲ ಚಿಂತಿಸಿದ ಶಾಸ್ತ್ರವೊಂದು ನಮ್ಮ ದೇಶದಲ್ಲಿದೆ. ಸಮಾಸವು ಸಮರ್ಥಪದಗಳಿಗೆ ಮಾತ್ರ ಸಲ್ಲುವುದೆಂಬುದು ಪಾಣಿನಿಯ ನಿಯಮ. ಎರಡು ಪದಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಸಮಾಸವಾಗದು. ರಾಜನ ಹೆಂಡತಿ, ದೇವದತ್ತನ ಆಳು ಎಂಬರ್ಥದ ಸಂಸ್ಕೃತವಾಕ್ಯದಲ್ಲಿ ‘ರಾಜನ’ ಎಂಬುದೂ ‘ಆಳು’ ಎಂಬುದೂ ಒಂದರ ಬಳಿ ಒಂದು ಬಂದರೂ ಅವೆರಡಕ್ಕೆ ಸಂಬಂಧವಿಲ್ಲ. ಈ ಸಾಮರ್ಥ್ಯವನ್ನು ಮಹಾಭಾಷ್ಯಕಾರರು ವ್ಯಪೇಕ್ಷೆಯೆಂದೂ ಏಕಾರ್ಥೀಭಾವವೆಂದೂ ಎರಡು ಬಗೆಯಾಗಿ ಚರ್ಚಿಸಿರುತ್ತಾರೆ. ಪದಗಳು ತಮ್ಮ ತಮ್ಮ ಅರ್ಥವನ್ನು ಉಳಿಸಿಕೊಂಡೇ ಒಂದನ್ನೊಂದು ಅಪೇಕ್ಷಿಸುವುದು ವ್ಯಪೇಕ್ಷೆ. ಬೇರೆಬೇರೆ ಅರ್ಥಗಳು ಕರಗಿ ಒಂದಾಗುವುದು ಏಕಾರ್ಥೀಭಾವ. ಸಂದೇಶಮಾರ್ಗವನ್ನು ವ್ಯಪೇಕ್ಷೆಗೂ ಏಕಭಂಡಾರಮಾರ್ಗವನ್ನು ಏಕಾರ್ಥೀಭಾವಕ್ಕೂ ಹೋಲಿಸಬಹುದು. ಎರಡಕ್ಕೂ ಮೊದಲು ಸಾಮರ್ಥ್ಯವಿದೆಯೇ ಎಂಬ ಪ್ರಶ್ನೆ ಏಳಬೇಕು. ಗ್ರಂಥದಲ್ಲಿ ಅದು ಏಳುವುದು ತಡವಾಗಿ.

ಕರ್ಣಾಟಕದ ಭೂದಾಖಲೆಗಳಲ್ಲಿ ಇದಕ್ಕೆ ಪ್ರತ್ಯಕ್ಷೋದಾಹರಣೆಯುಂಟು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ತಂತ್ರಾಂಶವು 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲಿ ನೆಲೆಗೊಂಡಿತು. ಕ್ರಯಪತ್ರಾದಿಗಳ ನೋಂದಣಿಗೆ ‘ಕಾವೇರಿ’ಯೂ, ಅಳತೆಯ ಕಾರ್ಯಕ್ಕೆ ‘ಮೋಜಿಣಿ’ಯೂ ಪ್ರತ್ಯೇಕವಾಗಿ ಬಂದವು. ನೋಂದಣಿಯಾದ ಪತ್ರದ ಸಾರವನ್ನು ಉಪನೋಂದಣಾಧಿಕಾರಿಯು ‘ಜೆ’ ಚೀಟಿಯೆಂಬ ಕಾಗದದಲ್ಲಿ ತಾಲ್ಲೂಕು ಕಛೇರಿಗೆ ಕಳುಹಿಸುವುದು ಹಿಂದಿನ ಪದ್ಧತಿ. ಚೀಟಿ ತಡವಾದರೆ, ಕಳೆದರೆ, ಕೊಂಡವನ ಹೆಸರು ಪಹಣಿಗೆ ಏರದೆ, ಮಾರಿದವನ ಹೆಸರೇ ಉಳಿಯುತ್ತಿತ್ತು. ಆತನೇ ಅದನ್ನು ಇನ್ನೊಬ್ಬನಿಗೆ ಮತ್ತೆ ಮಾರುವುದಕ್ಕೂ ಅವಕಾಶವಿತ್ತು. ‘ಕಾವೇರಿ’ಯನ್ನು ‘ಭೂಮಿ’ಗೆ ಕೂಡಿಸಿದ ಮೇಲೆ ಆ ಚೀಟಿಯು ಕ್ಷಣಮಾತ್ರದಲ್ಲಿ ತಲಪುವಂತಾಯಿತು. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಚೀಟಿಯಲ್ಲಿ ಬಂದ ಹೆಸರಿಗೂ ಪಹಣಿಯಲ್ಲಿ ಕೂಡುವ ಹೆಸರಿಗೂ ಅರ್ಥ ಒಂದೇ ಅಲ್ಲ. 1908ರ ನೋಂದಣಿ ಅಧಿನಿಯಮದ ಮೇರೆಗೆ ಅಧಿಕಾರಿಯು ಪತ್ರವನ್ನು ನೋಂದಿಸುತ್ತಾನೆ, ಹಕ್ಕನ್ನು ನಿರ್ಣಯಿಸುವುದಿಲ್ಲ. ಆದುದರಿಂದ ‘ಕಾವೇರಿ’ಯ ಹೆಸರೆಂದರೆ ಪತ್ರಕ್ಕೆ ಸೇರಿದ ಒಬ್ಬ ಪಕ್ಷಗಾರ. ಪಹಣಿಯ ನಮೂದನ್ನಾದರೋ, ವಿರುದ್ಧವಾಗಿ ಸಾಧಿತವಾಗುವವರೆಗೆ ನಿಜವೆಂದೇ ಭಾವಿಸಬೇಕೆಂದು 1964ರ ಭೂಕಂದಾಯ ಅಧಿನಿಯಮವು ಹೇಳುತ್ತದೆ. ‘ಕಾವೇರಿ’ಗೆ ಪತ್ರವೂ ‘ಭೂಮಿ’ಗೆ ಸರ್ವೆ ನಂಬರೂ ಹಿಸ್ಸೆಯೂ ‘ಮೋಜಿಣಿ’ಗೆ ಅಳೆದ ನಕ್ಷೆಯೂ ಮೂಲದ್ರವ್ಯ. ಒಂದೇ ಪಹಣಿಯಲ್ಲಿ ಐದಾರು ಮಂದಿ ಜಂಟಿಯಾಗಿದ್ದು ಪೋಡಿಯಾಗದಿದ್ದರೆ, ಅಥವಾ ಪಹಣಿಯ ವಿಸ್ತೀರ್ಣವು ಆಕಾರಬಂದಿಗೆ ತಾಳೆಯಾಗದಿದ್ದರೆ, ಸಂದೇಶವು ಎಷ್ಟು ಶೀಘ್ರವಾಗಿ ಬಂದರೂ ಅದು ಹೊಂದತಕ್ಕ ಸ್ಥಳವೇ ಇರುವುದಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಕಾರ್ಯವು ವ್ಯಾಪಕವಾಗಿ ನಡೆಯಿತು. ಅದರಿಂದ ಈತನು ಯಾರೆಂಬುದು ನಿಶ್ಚಯವಾದೀತು. ಆ ನೆಲಕ್ಕೆ ಈತನು ಏನಾಗಬೇಕೆಂಬುದು ನಿಶ್ಚಯವಾಗದು.

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಂಥ ಕಡೆ ಈ ಸಂದಿಗ್ಧತೆ ಇನ್ನೂ ಹೆಚ್ಚು. 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಅಲ್ಲಿ ತೋಟಗಳಿಗೆ ತಗುಲಿಕೊಂಡೇ ಇದೆ. ಕಂದಾಯದವರು ನೆಲವನ್ನು ಸರ್ವೆ ನಂಬರಿನಿಂದ ಗುರುತಿಸಿದರೆ ಅರಣ್ಯದವರು ಅಧಿಸೂಚನೆಯ ಎಲ್ಲೆಯಿಂದ ಗುರುತಿಸುತ್ತಾರೆ. ಇವೆರಡರ ನಡುವೆ ಮಲೆನಾಡಿನ ಸೊಪ್ಪಿನಬೆಟ್ಟವೆಂಬುದೊಂದಿದೆ: ಅಡಕೆತೋಟಕ್ಕೆ ಸೊಪ್ಪನ್ನೂ ದರಗನ್ನೂ ತಂದುಕೊಳ್ಳುವ ಸೌಲಭ್ಯವು ತೋಟದವನಿಗೆ, ನೆಲದ ಒಡೆತನವು ಸರ್ಕಾರಕ್ಕೆ. ಅನುಭವವುಂಟು, ಸ್ವಾಮ್ಯವಿಲ್ಲ. ಮಾಲೀಕನ ಹೆಸರಿಗೆ ಒಂದೇ ಅಂಕಣವಿರುವ ಭಂಡಾರದಲ್ಲಿ ಇದನ್ನು ಎಲ್ಲಿಡುವುದು? ತೋಟದವನ ಹೆಸರನ್ನಿಟ್ಟರೆ ಇಲ್ಲದ ಒಡೆತನವು ಬಂದೀತು. ಸರ್ಕಾರವೆಂದಿಟ್ಟರೆ ತಲೆಮಾರುಗಳಿಂದ ಸೊಪ್ಪು ತರುತ್ತಿದ್ದವನು ಒತ್ತುವರಿದಾರನಾದಾನು.

‘ರಾಜಪುರುಷ’ ಎಂಬ ಸಮಾಸವನ್ನು ಕುರಿತು ವೈಯಾಕರಣರು ಹೇಳುವ ಮಾತು ಇಲ್ಲಿ ಸ್ಮರಣೀಯ. ಸಮಾಸವಾದ ಮೇಲೆ ಒಳಗಿನ ‘ರಾಜ’ನಿಗೆ ‘ಸಮೃದ್ಧನಾದ’ ಎಂಬ ವಿಶೇಷಣವನ್ನು ಬೇರೆಯಾಗಿ ಕೂಡಿಸಲು ಬರುವುದಿಲ್ಲ. ಅಂತೆಯೇ ದಾಖಲೆಗಳು ಏಕಾರ್ಥೀಭಾವವನ್ನು ಹೊಂದಿದಾಗ ಅಂಗದಾಖಲೆಗೆ ಅಂಟಿದ್ದ ಷರತ್ತುಗಳು ನಿರಾಶ್ರಯವಾಗುತ್ತವೆ. ಪಹಣಿಯಲ್ಲಿ ಹಕ್ಕುಗಳು, ಋಣಗಳು ಎಂಬ ಅಂಕಣಗಳಿರುವುದೇ ಇಂಥ ವಿಶೇಷಣಗಳಿಗಾಗಿ. ಬೇರೊಂದು ಇಲಾಖೆಯ ತಂತ್ರಾಂಶವು ಹೆಸರನ್ನೂ ವಿಸ್ತೀರ್ಣವನ್ನೂ ಮಾತ್ರ ಎತ್ತಿಕೊಂಡು ಆ ಅಂಕಣಗಳನ್ನು ಬಿಟ್ಟರೆ, ವಿಶೇಷ್ಯವು ಬಂದು ವಿಶೇಷಣವು ಹಿಂದುಳಿದಂತಾಯಿತು.

ಇದಕ್ಕೆ ಪೂರ್ವಪಕ್ಷವುಂಟು. ಎಲ್ಲರಿಗೂ ಸಮಾನವಾದ ದತ್ತಾಂಶರೂಪವೊಂದನ್ನು ಗೊತ್ತುಪಡಿಸಿ, ಪ್ರತಿಯೊಂದು ತಂತ್ರಾಂಶದ ಮಾತನ್ನೂ ಅದಕ್ಕೆ ಭಾಷಾಂತರಿಸುವ ವಿನ್ಯಾಸಗಳು ಗ್ರಂಥದಲ್ಲಿಯೇ ಇವೆ; ಅರ್ಥಭೇದದ ತೊಂದರೆಯನ್ನೂ ಗ್ರಂಥಕರ್ತರು ಹೆಸರಿಸಿರುತ್ತಾರೆ. ಇದು ನಿಜ. ಆದರೆ ಹೆಸರಿಸಿದ್ದು ಪ್ರಸಂಗವಶಾತ್. ವಿಭಾಗಕ್ಕೆ ಅದನ್ನು ಆಧಾರವಾಗಿ ತೆಗೆದುಕೊಂಡಿಲ್ಲ. ಮೇಲಾಗಿ, ಭಾಷಾಂತರವು ಸಾಧ್ಯವಾಗುವುದು ಎರಡು ಕಡೆಯೂ ಒಂದೇ ಅರ್ಥವಿದ್ದಲ್ಲಿ. ಸೌಲಭ್ಯವೆಂಬುದನ್ನು ಒಡೆತನದ ಅಂಕಣಕ್ಕೆ ಭಾಷಾಂತರಿಸುವವನು ಭಾಷಾಂತರಕಾರನಲ್ಲ, ನ್ಯಾಯಾಧೀಶನ ಕೆಲಸವನ್ನು ಅಧಿಕಾರವಿಲ್ಲದೆ ಮಾಡುವವನು.

ಆದುದರಿಂದ ಭೂದಾಖಲೆಗಳಲ್ಲಿ ವ್ಯಪೇಕ್ಷಾಮಾರ್ಗವೇ ಯುಕ್ತವೆಂದು ತೋರುತ್ತದೆ. ಪ್ರತಿಯೊಂದು ಇಲಾಖೆಯೂ ತನ್ನ ದಾಖಲೆಯನ್ನು ತನ್ನಲ್ಲಿಯೇ ಇಟ್ಟುಕೊಂಡು, ಷರತ್ತುಗಳೊಡನೆಯೇ ಅದನ್ನು ಸಂದೇಶದಲ್ಲಿ ಕಳುಹಿಸಲಿ. ಆ ಸಂದೇಶವನ್ನು ಪಡೆದವರು ಅದನ್ನು ನಿರ್ಣಯವೆಂದಲ್ಲ, ವರದಿಯೆಂದು ಎಣಿಸಲಿ. ಖಾತೆ ಬದಲಾವಣೆಗೆ ಮುಂಚೆ ತಿಳಿವಳಿಕೆಪತ್ರವನ್ನು ಹೊರಡಿಸಿ ತಕರಾರಿಗೆ ಅವಕಾಶ ಕೊಡಬೇಕೆಂಬ 1964ರ ಅಧಿನಿಯಮದ ವಿಧಿಯು ಈ ದೃಷ್ಟಿಯಿಂದ ಬಹು ಬೆಲೆಯುಳ್ಳದ್ದು. ಅದನ್ನು ಬರಿಯ ವಿಳಂಬವೆಂದು ಬಗೆದು ದಿನಗಳನ್ನು ಕಡಮೆ ಮಾಡಬೇಕೆನ್ನುವವರು, ಎರಡು ದಾಖಲೆಗಳಿಗೆ ಸಾಮರ್ಥ್ಯವುಂಟೇ ಎಂದು ಮನುಷ್ಯನು ಕೇಳುವ ಕಾಲ ಅದೊಂದೇ ಎಂಬುದನ್ನು ಗಮನಿಸಿದಂತಿಲ್ಲ. ‘ಕಾವೇರಿ’ಯ ಎರಡನೆಯ ಆವೃತ್ತಿಯು 2023ರಲ್ಲಿ ಬಂದಮೇಲೆ ನೋಂದಣಿಯ ಮೊದಲ ಹಂತಗಳು ಮನೆಯಿಂದಲೇ ನಡೆಯುವಂತಾಗಿವೆ, ಕಾಡಿನ ನಡುವಣ ಕೆರೆಕಟ್ಟೆಯವನಿಗೆ ಶೃಂಗೇರಿಗೆ ಹೋಗಿಬರುವ ಶ್ರಮವು ಅಷ್ಟರಮಟ್ಟಿಗೆ ತಪ್ಪಿದುದು ಸಂತೋಷವೇ. ತಕರಾರನ್ನು ಹೇಳುವುದಕ್ಕಾದರೋ ಆತನಿಗೆ ಆ ತಿಳಿವಳಿಕೆಪತ್ರವು ಕೈಸೇರಬೇಕು, ಅದರಲ್ಲಿ ಬರೆದುದು ಆತನಿಗೆ ಅರ್ಥವಾಗಬೇಕು.